ಬೆಳಕಿಂಡಿಯ ಮೇಲಿನ ಕಲ್ಲು

ತಗಡು ಅಲುಗಲಿಲ್ಲ.

ಕೆಳಗೆ ಅಟ್ಟದ ಕೋಣೆಯಲ್ಲಿ ನಿಚ್ಚಣಿಕೆ ಹತ್ತಿ ನಿಂತಿದ್ದ ನಮ್ಮ ಪಿಎಸ್ಐ ಕಾವೇರಿ ಮೇಡಂ ಇನ್ನೊಮ್ಮೆ ನೂಕಿದರು. ಮೊದಲು ಕೈಯಿಂದ, ಆಮೇಲೆ ಹೆಗಲು ಕೊಟ್ಟು. ಮಾಳಿಗೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ನನಗೆ ಅವರ ಏದುಸಿರು ಕೇಳಿಸುತ್ತಿತ್ತು. ತಗಡಿನ ಮೇಲೆ ನಾನೇ ಮತ್ತೆ ತಂದಿಟ್ಟಿದ್ದ ಬೀಸುವ ಕಲ್ಲು ಜಪ್ಪಯ್ಯ ಅನ್ನಲಿಲ್ಲ.

"ಸಾಕು, ತಗೀರಿ ದೇವೇಂದ್ರಪ್ಪನವರ."

ಕಲ್ಲನ್ನು ಅತ್ತ ಸರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಹೆಡ್ ಕಾನ್‌ಸ್ಟೇಬಲ್ ಆಗಿ ಕೂದಲು ಹಣ್ಣಾದ ಮೇಲೆ ಮಾಳಿಗೆ ಹತ್ತಿ ಕಲ್ಲು ಹೊರುವ ಕೆಲಸ ಬರುತ್ತದೆಂದು ಯಾರು ಎಣಿಸಿದ್ದರು? ತಗಡಿನ ಬಾಗಿಲು ಮೇಲೆದ್ದಿತು. ಮೇಡಂ ತಲೆ ಹೊರಬಂತು, ಹಣೆಗೆಲ್ಲ ಮಸಿ.

"ನಾ ಗಟ್ಟಿ ಆಳು. ಉಸರಾಡಾಕ ನನಗ ಗಾಳಿ ಐತಿ. ಆದರೂ ಆಗಲಿಲ್ಲ. ಹೊಗಿಯೊಳಗ ಆ ಮನಷ್ಯಾ ಏನ ಮಾಡಿದ್ದಾನು?"

ಆ ಮನುಷ್ಯ ಎಂದರೆ ದುರ್ಗೇಶ. ಮೊನ್ನೆ, ಮುಂಗಾರಿನ ಮಿರಗದ ಮೊದಲ ಮಳೆ ಬಂದುಹೋದ ರಾತ್ರಿ, ಹೊಗೆ ಕುಡಿದು ಇದೇ ನಿಚ್ಚಣಿಕೆಗೆ ಜೋತುಬಿದ್ದು ಸತ್ತ ಬಾಡಿಗೆಯವ. ನಿನ್ನೆ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಈ ಅಟ್ಟದ ಗಾರೆ ಕೆಲಸ ಮಾಡಿದ್ದ ಗವಂಡಿ ಶಫೀಕನನ್ನು ಹಿಡಿದು ಒಳಗೆ ಹಾಕಿದ್ದರು. ಇವತ್ತು ಸಂಜೆಯೊಳಗೆ ಅವನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ಅವನು ಜೈಲಿನಿಂದ ಯಾವಾಗ ಹೊರಬರುತ್ತಾನೋ, ಬರುವುದಿಲ್ಲವೋ, ದೇವರೇ ಬಲ್ಲ.

ಅವನ ತಾಯಿ ಬೀಬಿಜಾನ ಸೊರಟೂರಿನಿಂದ ಬಂದವಳು ನಿನ್ನೆಯಿಂದ ಠಾಣೆಯ ಕಟ್ಟೆ ಬಿಟ್ಟು ಎದ್ದಿಲ್ಲ. ನಾವು ಕೊಟ್ಟ ಚಹಾ ಕೆನೆಗಟ್ಟಿ ಅಲ್ಲಿಯೇ ಕುಳಿತಿತ್ತು. ಬೆಳಿಗ್ಗೆ ಹೊರಡುವಾಗ ನನ್ನ ತೋಳು ಹಿಡಿದುಕೊಂಡು, "ನನ್ನ ಮಗ ಗ್ವಾಡಿ ಕಟ್ಟಾವ ಅದಾನ್ರೀ ಸಾಹೇಬ್ರ, ಜೀವಾ ತಗಿಯಾವ ಅಲ್ಲ," ಎಂದಿದ್ದಳು. ನಾನು ತೋಳು ಬಿಡಿಸಿಕೊಂಡು ಬಂದೆ.

ಗದಗ ಜಿಲ್ಲೆಯಾದದ್ದೇ ತಡ, ಬೆಟಗೇರಿಯ ಅಟ್ಟಗಳಿಗೆಲ್ಲ ಶುಕ್ರದೆಸೆ ಬಂದಿತ್ತು. ಹೊಸ ಕಚೇರಿಗಳು, ಹೊಸ ಗುಮಾಸ್ತರು, ಮಲಗಲು ಒಂದು ಕೋಣೆ ಸಿಕ್ಕುವುದಿಲ್ಲ. ಕಟ್ಟಿಗೆ, ಕುಳ್ಳು, ಮುರಿದ ಮಗ್ಗದ ಹಲಗೆ ತುಂಬಿದ್ದ ಅಟ್ಟಗಳಿಗೆ ಸುಣ್ಣ ಬಿತ್ತು, ಬಾಡಿಗೆಗೆ ಜನ ಬಂದರು. ಈ ಮನೆಯ ಯಜಮಾನ ಸಕ್ರಪ್ಪ ನೇಕಾರ. ಕೆಳಗೆ ಮಗ್ಗದ ಪಡಸಾಲೆ, ಮೇಲೆ ಈ ಅಟ್ಟ. ಅವನೂ ಸುಣ್ಣದಷ್ಟರಲ್ಲೇ ಮುಗಿಸುವವನಿದ್ದ. ಆದರೆ ಸಿಕ್ಕ ಬಾಡಿಗೆಯವ ಕಾಯಿದೆಯ ಮನುಷ್ಯ.

ಮಲಗುವ ಕೋಣೆ ಎಂದರೆ ಕೈಯೆತ್ತಿದರೆ ಜಂತೆ ತಾಗಬಾರದು ಎಂದ ದುರ್ಗೇಶ. ಗೋಡೆ ಎತ್ತರಿಸಿ ಮಾಳಿಗೆಯನ್ನೇ ಹೊಸದಾಗಿ ಹೊದಿಸಬೇಕಾಯಿತು. ಕಿಟಕಿ ನಗರಸಭೆಯ ಅಳತೆಗೆ ಬರಬೇಕು ಎಂದ. ಶಫೀಕ ಒಮ್ಮೆ ಕಟ್ಟಿದ್ದ ಕಿಟಕಿ ಚಿಕ್ಕದಾಯಿತೆಂದು ಒಡೆಸಿ ಮತ್ತೆ ಕಟ್ಟಿಸಿದ. ಕೊನೆಗೆ, ಬೆಂಕಿ ಬಿದ್ದರೆ ಹೊರಬೀಳಲು ಎರಡನೆಯ ದಾರಿ ಬೇಕೇ ಬೇಕು ಎಂದು ಹಟ ಹಿಡಿದ. ಆಗಲೇ ಮಾಳಿಗೆಯ ಬೆಳಕಿಂಡಿಯನ್ನು ಆಳು ತೂರುವಷ್ಟು ಅಗಲಿಸಿ, ಕೆಳಗಿನಿಂದ ನೂಕಿದರೆ ತೆರೆಯುವ ತಗಡಿನ ಬಾಗಿಲು ಕೂಡಿಸಿ, ನಿಚ್ಚಣಿಕೆ ಇಟ್ಟದ್ದು. ನಗರಸಭೆಯವರು ಟೇಪು ಹಿಡಿದು ಬಂದು, ನೋಡಿ, ಒಪ್ಪಿ ಹೋಗಿದ್ದರು. ಒಂದೊಂದು ಹಟಕ್ಕೂ ದುಡ್ಡು ಸುರಿದವನು ಸಕ್ರಪ್ಪ.

ಕಿಟಕಿ ಒಡೆಸಿದ ದಿನ ಶಫೀಕನ ತಲೆ ಕೆಟ್ಟಿತ್ತು. "ಇದ ಕೋಣ್ಯಾಗ ಬಿದ್ದ ಸಾಯಿ ನೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಸಿಟ್ಟಿನಲ್ಲಿ ಯಾರು ಏನೆಲ್ಲ ಅನ್ನುವುದಿಲ್ಲ! ಆದರೆ ಕೂಗಿಸಿಕೊಂಡವನು ಅದೇ ಕೋಣೆಯಲ್ಲಿ ಬಿದ್ದು ಸತ್ತನಲ್ಲ.

ಮೆಟ್ಟಿಲ ಕೆಳಗಿದ್ದ ನೂಲಿನ ಚಿಂದಿಯ ಗುಡ್ಡೆಗೆ ಕಿಡಿ ತಾಗಿ ರಾತ್ರಿ ಹೊಗೆಯೆದ್ದಿತ್ತು. ಕಿಡಿ ಎಲ್ಲಿಂದ ಬಂತೋ ಇನ್ನೂ ಗೊತ್ತಿಲ್ಲ. ಮೆಟ್ಟಿಲ ಕಡೆ ದಾರಿ ಮುಚ್ಚಿತು. ಕಿಟಕಿಗೆ ಸರಳು. ಅದನ್ನಾದರೂ ತೆರೆದು ಕೂಗಿದ್ದರೆ ಬದುಕುತ್ತಿದ್ದನೇನೋ. ನಿಯಮ ನಂಬಿದ ಮನುಷ್ಯ, ತಾನೇ ಹಟ ಹಿಡಿದು ಮಾಡಿಸಿದ ಎರಡನೆಯ ದಾರಿಯನ್ನೇ ಹಿಡಿದ. ಅದರ ಮೇಲೆ ಕಲ್ಲು ಕುಳಿತಿತ್ತು.

"ನಾ ಮೊದಲ ಹೇಳೀನಲ್ರೀ ಬಾಯಾರ," ಕೆಳಗೆ ನಿಚ್ಚಣಿಕೆ ಹಿಡಿದುಕೊಂಡಿದ್ದ ಸಕ್ರಪ್ಪ ಕತ್ತೆತ್ತಿ ಕೂಗಿದ. "ಕಲ್ಲ ಇಟ್ಟಾವ ಆ ಗವಂಡೀನ. ಅವತ್ತ ಮಧ್ಯಾಹ್ನ ಮಾಳಗಿ ಮ್ಯಾಲ ಅವನ ಇದ್ದ. ನಾ ಅಂತೂ ಮುಂಜಾನಿನ ಸೀರಿ ಗಂಟ ತಗೊಂಡ ಲಕ್ಷ್ಮೇಶ್ವರಕ್ಕ ಹೋಗಿದ್ದೆ."

"ಹೌದ ಹೌದ, ಬರಕೊಂಡೀವಿ," ಎಂದರು ಮೇಡಂ. "ನೀವು ಅಲ್ಲೇ ಇರ್ರಿ. ಇನ್ನೊಮ್ಮಿ ನೋಡೂದೈತಿ."

ಅವನು ಲಕ್ಷ್ಮೇಶ್ವರಕ್ಕೆ ಹೋದದ್ದನ್ನು ನಾವು ಬರೆದುಕೊಂಡಿದ್ದು ನಿಜ. ಯಾರನ್ನೂ ಕೇಳಿ ನೋಡಿರಲಿಲ್ಲ ಎಂಬುದೂ ನಿಜ. ಮನೆಗೆ ಹೊಗೆ ಹತ್ತಿಸಿಕೊಂಡು ತಲೆ ಮೇಲೆ ಕೈಹೊತ್ತು ಕುಳಿತವನನ್ನು ಎಲ್ಲಿದ್ದೆ ಎಂದು ಯಾರು ಕೆದಕುತ್ತಾರೆ?

ಮೇಡಂ ಮೇಲೆ ಬಂದು ಮಾಳಿಗೆಯ ಮೇಲೆ ಕಣ್ಣಾಡಿಸಿದರು. ಮುಂಡರಗಿ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲೇ ಬೆಳೆದ ಹೆಣ್ಣುಮಗಳು. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಗೆ ಬಿಳಿ ಸವಳು ಮಣ್ಣು ಹರಡುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊನ್ನೆ ಮಧ್ಯಾಹ್ನ ಶಫೀಕ ಬಂದದ್ದೂ ಆ ಕೆಲಸಕ್ಕೇ.

"ಕಲ್ಲ ಮೊದಲ ಎಲ್ಲಿರ್ತಿತ್ತು?"

"ಆ ಮೂಲ್ಯಾಗ್ರೀ," ಎಂದೆ. ಕಟ್ಟೆಗೆ ಆನಿಸಿ ಇಡುತ್ತಿದ್ದ ಜಾಗದಲ್ಲಿ ದುಂಡನೆಯ ಬೋಳು ಕಲೆ ಇತ್ತು. ಕಲ್ಲು ಅಲ್ಲಿದ್ದಾಗಲೇ ಸುತ್ತ ಸವಳು ಬಿದ್ದಿತ್ತು.

ಮೇಡಂ ಆ ಮೂಲೆಯಿಂದ ತಗಡಿನವರೆಗೆ ಬಗ್ಗಿ ಬಗ್ಗಿ ಬಂದರು. ಆಮೇಲೆ ಕೈಸನ್ನೆ ಮಾಡಿ ನನ್ನನ್ನು ಕರೆದರು. ಬಗ್ಗಲು ನನ್ನ ಸೊಂಟ ಒಲ್ಲೆ ಎಂದರೂ ಬಗ್ಗಿದೆ.

ಸವಳಿನಲ್ಲಿ ಸಣ್ಣ ಗಾಲಿ ಹೋದ ಹಾಗೆ ಒಂದು ಗೆರೆ. ಕಚ್ಚಿಕೊಂಡು, ಒಣಗಿ, ಗಟ್ಟಿಯಾಗಿತ್ತು.

"ಮೊನ್ನೆ ಕಲ್ಲ ತಗದಾಗ ನೀವು ಉರುಳಿಸಿದ್ರೇನು?"

"ಇಲ್ರೀ ಮೇಡಂ. ಇಬ್ಬರು ಹಿಡದ ಎತ್ತಿ ಇಲ್ಲೇ ಬಗಲಿಗೆ ಇಟ್ಟಿದ್ವಿ."

"ಹಂಗಾರ ಇಟ್ಟವರು ಉರುಳಿಸಿದ ಗುರುತ ಇದು. ಒಣ ಸವಳಾಗಿದ್ರ ಪುಡಿ ಸರದ ಮುಚ್ಚಿಕೊಳ್ತಿತ್ತು. ಹನಿ ಬಿದ್ದ ಹಸಿ ಆದಮ್ಯಾಲ ಉರುಳಿಸ್ಯಾರ, ಅದಕ್ಕ ಹಿಂಗ ನಿಂತೈತಿ. ಶಫೀಕ ಯಾವಾಗ ಹೋದ?"

"ಮಳಿಗಿಂತ ಮೊದಲ. ಬಗಲ ಮನಿ ಜನ್ನತಬಿ ಅವನಿಗೆ ಕೈ ತೊಳಿಯಾಕ ನೀರ ಕೊಟ್ಟಾಳ. ಮುಳಗುಂದದ ಬಸ್ ಹಿಡಿಯಾಕ ಓಡಿದ ಅಂದ್ಲು."

"ಮತ್ತ ದುರ್ಗೇಶ?"

"ಅವ ಬಂದಿದ್ದು ಮಳಿ ನಿಂತ ಮ್ಯಾಲ. ಅದನ್ನೂ ಆಕೀನ ಹೇಳ್ಯಾಳ. ಕೆಸರ ಚಪ್ಪಲ ಮೆಟ್ಟಲದಾಗ ಬಿಟ್ಟ ಹತ್ತಿದ್ನಂತ."

ಮೇಡಂ ಗೆರೆಯ ಪಕ್ಕ ಬೆರಳಿಟ್ಟರು. ಅಲ್ಲಿ ಬರಿಗಾಲಿನ ಹೆಜ್ಜೆಗಳು, ಸಣ್ಣವು, ಬೆರಳ ತುದಿ ಮಾತ್ರ ಆಳಕ್ಕೆ ಊರಿದ್ದವು. "ಶಫೀಕ ಆಗಿದ್ರ ಎತ್ತಿಕೊಂಡ ಬಂದ ಇಡ್ತಿದ್ದ. ಎತ್ತಾಕ ಆಗದವರು ಉರುಳಿಸ್ತಾರ," ಎಂದರು ಮೆಲ್ಲಗೆ.

ಆಗಲೇ ಹಿತ್ತಲ ಮೆಟ್ಟಿಲು ಹತ್ತಿ ಚಹಾದ ತಟ್ಟೆ ಹಿಡಿದು ಸಕ್ರಪ್ಪನ ಹೆಂಡತಿ ಹುಚ್ಚವ್ವ ಬರುತ್ತಿದ್ದಳು. ಬರಿಗಾಲು. ಚಿಕ್ಕ ಕಾಲು.

"ಕುಡೀರಿ ಬಾಯಾರ. ಸಿಹಿಪುಡಿ ಕಡಿಮಿ ಆಗಿದ್ರ ಹೇಳ್ರಿ."

ಸಕ್ಕರೆ ಎಂಬ ಮಾತು ಹುಚ್ಚವ್ವನ ಬಾಯಲ್ಲಿ ಬರುವುದಿಲ್ಲ. ಗಂಡನ ಹೆಸರಿನ ಅರ್ಧ ಅದರಲ್ಲಿದೆ. ಮೊನ್ನೆ ಪಂಚನಾಮೆ ಬರೆಯುವಾಗ ನಾನು ಯಜಮಾನರ ಹೆಸರೇನು ಎಂದು ಕೇಳಿ ಪೇಚಿಗೆ ಬಿದ್ದಿದ್ದೆ. ಸತ್ತವನ ಹೆಣ ಪಕ್ಕದಲ್ಲಿದ್ದರೂ ಈಕೆ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತಳು. ಕಡೆಗೆ ಗೋಡೆಯಾಚೆಗಿನ ಜನ್ನತಬಿಯನ್ನು ಕರೆಸಿ, ಆಕೆಯ ಬಾಯಿಂದ ಹೇಳಿಸಿದಳು. ನಮ್ಮ ಮನೆಯಾಕೆಯೂ ಹೀಗೇ. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಬೇಕಾಗಿ ಬಂದರೆ ಮಗಳನ್ನು ಹುಡುಕುತ್ತಾಳೆ.

ಮೇಡಂ ಚಹಾ ತೆಗೆದುಕೊಂಡು ಹುಚ್ಚವ್ವನನ್ನು ದೂರದ ಮೂಲೆಗೆ ಕರೆದೊಯ್ದರು. ಹೋಗುವಾಗ ತಗಡು ಮುಚ್ಚುವಂತೆ ನನಗೆ ಕಣ್ಸನ್ನೆ ಮಾಡಿದರು. ಮುಚ್ಚಿ ನಾನೂ ಹಿಂದೆ ಹೋದೆ. ಅಲ್ಲಿ ಆಡಿದ ಮಾತು ಕೆಳಗಿನ ಕೋಣೆಗೆ ಕೇಳುವಂತಿರಲಿಲ್ಲ.

"ಯವ್ವಾ, ಶಫೀಕನ ತಾಯಿನ್ನ ನೋಡಿರೇನು?"

"ಇಲ್ರೀ."

"ನಮ್ಮ ಠಾಣೆ ಕಟ್ಟಿ ಮ್ಯಾಲ ಕುಂತಾಳ. ಒಂದ ತುತ್ತ ತಿಂದಿಲ್ಲ. ಸಂಜಿಗೆ ಆಕಿ ಕಣ್ಣ ಮುಂದ ಆಕಿ ಮಗನ ಕೈಗೆ ಬೇಡಿ ಹಾಕಿ ಜೀಪ ಹತ್ತಸ್ತೀವಿ."

ಹುಚ್ಚವ್ವ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಎದೆಗವಚಿಕೊಂಡಳು.

"ಅವ ಇಟ್ಟಿಲ್ಲ ಆ ಕಲ್ಲ. ಇಟ್ಟವರ ಹೆಜ್ಜಿ ಅಲ್ಲಿ ಸವಳಿನ್ಯಾಗ ಅದಾವ," ಎಂದರು ಮೇಡಂ. "ನಿಮ್ಮ ಕಾಲ ತಂದ ಅಲ್ಲಿ ಇಡಸಲೇನು?"

ಆಕೆ ನಿಂತಲ್ಲಿಯೇ ಕುಸಿದು ಕುಳಿತಳು. ತಟ್ಟೆ ಜಾರಿ ಉರುಳಿತು. ಅಳು ಬಂದದ್ದು ಆಮೇಲೆ.

"ನಾನ ಇಟ್ಟೀನ್ರೀ ಬಾಯಾರ. ನಾನ ಇಟ್ಟೀನಿ. ನನ್ನ ಕೈಗೆ ಕರಿನಾಗರ ಕಡೀಲಿ."

"ಯಾಕ ಇಟ್ರಿ?"

"ಹನಿ ಬಿತ್ತಲ್ರೀ!" ಯಾಕೆ ಎಂದು ಕೇಳಿದ್ದೇ ಆಕೆಗೆ ಸೋಜಿಗ. "ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದಾಗಿಂದ ಹನಿ ಬಿದ್ದ ಕೂಡ್ಲೆ ಬೆಳಕಿಂಡಿ ಮುಚ್ಚಾಕಿ ನಾನ. ಮುಂಚೆ ನಮ್ಮತ್ತಿ ಮುಚ್ಚತಿದ್ಲು. ಅವತ್ತ ಗಾಳಿ ಎಷ್ಟ ಬಿಟ್ಟಿತ್ತ ಅಂತೀರಿ, ತಗಡ ದಬಾ ದಬಾ ಬಡ್ಕೊಳ್ಳಾಕ ಹತ್ತಿತ್ತು. ತಗಡಿನ ಮ್ಯಾಲ ಕಲ್ಲ ಇಡದ ಯಾರರ ಬಿಡ್ತಾರೇನ್ರಿ? ಹಾರಿ ಹೋಗಂಗಿಲ್ಲೇನು? ಉರುಳಿಸಿ ತಂದ ಇಟ್ಟೆ, ಕೆಳಗಿಳದ್ಯಾ. ಅದು ಬೆಳಕಿಂಡಿ ಅಲ್ಲ, ಈಗ ಬಾಗಲ ಆಗೈತಿ ಅನ್ನೂದು ನನ್ನ ತಲಿಗೆ ಹೊಳಿಲಿಲ್ರೀ."

ನಾನು ಅತ್ತ ತಿರುಗಿ ನಿಂತೆ. ಓಣಿಯ ಉದ್ದಕ್ಕೂ ಮಾಳಿಗೆಗಳು, ಒಂದೊಂದರ ಮೇಲೂ ತಗಡು, ತಗಡಿನ ಮೇಲೆ ಕಲ್ಲು. ನಮ್ಮ ಮನೆಯ ಬಚ್ಚಲ ತಗಡಿನ ಮೇಲೂ ಕಲ್ಲಿದೆ, ಇಟ್ಟವನು ನಾನೇ. ಈ ಕೈತಪ್ಪು ಬೆಟಗೇರಿಯ ಯಾವ ಮನೆಯವರಿಂದಲಾದರೂ ಆಗಬಹುದಿತ್ತು. ಶಫೀಕ ಬಿಡುಗಡೆಯಾಗುತ್ತಾನೆ ಎಂಬ ಸಮಾಧಾನಕ್ಕೂ ಈ ಮುದುಕಿಯ ಮುಖ ನೋಡುವ ಸಂಕಟಕ್ಕೂ ನನ್ನೊಳಗೆ ಜಗಳ ಹತ್ತಿತ್ತು.

"ಇಷ್ಟ ಖರೆ ಇದ್ದಿದ್ದ ನಿನ್ನೇನ ಹೇಳಬೇಕಿತ್ತಲ್ಲ ಯವ್ವಾ," ಎಂದೆ, ತಡೆಯಲಾರದೆ.

"ನಮ್ಮನಿಯವರು ಬ್ಯಾಡ ಅಂದ್ರಲ್ರೀ. ಮರದಿನ ಮುಂಜಾನೆ ಊರಿಂದ ಬಂದವರ ನನ್ನ ಒಳಗ ಕರದ, 'ನೀ ಕಲ್ಲ ಇಟ್ಟಿದ್ದ ಯಾರ ಮುಂದೂ ಬಾಯಿ ಬಿಡಬ್ಯಾಡ, ಗವಂಡಿ ಇಟ್ಟಾನ ಅಂತ ನಾ ಹೇಳ್ತೀನಿ' ಅಂದ್ರು. ನನ್ನ ಉಳಸಾಕ ಅಂದಾರ್ರೀ. ಅವರದೇನೂ ತಪ್ಪಿಲ್ಲ."

ಮೇಡಂ ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟರು.

"ನೀವು ಕಲ್ಲ ಇಟ್ಟೀರಿ ಅಂತ ಅವರಿಗೆ ಹೇಳಿದವರು ಯಾರು?"

"ಯಾರಂದ್ರ..." ಹುಚ್ಚವ್ವ ಕಣ್ಣೊರೆಸಿಕೊಂಡಳು. "ನಾ ಹೇಳಿಲ್ಲ. ನಾ ಯಾರಿಗೂ ಹೇಳಿಲ್ಲ. ಅವರಿಗೆ ಹೆಂಗೋ ತಿಳದಿತ್ತು."

"ಲಕ್ಷ್ಮೇಶ್ವರದಾಗ ಕುಂತವರಿಗೆ?"

ಆಕೆ ತಗಡಿನ ಕಡೆ ತಿರುಗಿ ನೋಡಿದಳು.

ಮೇಡಂ ಆಕೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತರು. ದನಿ ತಗ್ಗಿತು. "ನಮ್ಮೂರಾಗ ನಮ್ಮಮ್ಮ ಬೆಳಕಿಂಡಿ ಮುಚ್ಚೂ ಮೊದಲ ಒಳಗ ಕೂಗಿ ಹೇಳತಿದ್ಲು. ಒಮ್ಮೆಲೆ ಕತ್ತಲಾದ್ರ ಒಳಗಿದ್ದವರು ಬೀಳತಾರ ಅಂತ. ನೀವು ಕೂಗಿದ್ರೇನು?"

"ಕೂಗದ ಮುಚ್ಚತಾರೇನ್ರಿ? ಕೂಗಿದ್ಯಾ."

"ಒಳಗಿಂದ ಯಾರರ ಓ ಅಂದ್ರೇನು?"

"ಅಂದ್ರು. 'ಹೂಂ, ಮುಚ್ಚ' ಅಂದ್ರು. ಆಮ್ಯಾಲ ಮುಚ್ಚಿದ್ದು. ಬಾಡಗಿ ಹುಡುಗ ಒಳಗ ಅದಾನ ಅಂತ ನಾ..."

ಅಲ್ಲಿಗೆ ನಿಂತಳು. ತಾನೇ ಆಡಿದ ಮಾತು ತನಗೇ ಕೇಳಿಸಿದವಳಂತೆ.

"ಬಾಡಗಿ ಹುಡುಗ ಆವಾಗ ಇನ್ನೂ ಬಂದಿದ್ದಿಲ್ಲ ಯವ್ವಾ," ಎಂದರು ಮೇಡಂ. "ಅವ ಬಂದಿದ್ದು ಮಳಿ ನಿಂತ ಮ್ಯಾಲ."

ಗಾಳಿ ಬಿಟ್ಟಿತ್ತು. ಮುಳಗುಂದದ ಕಡೆ ಮೋಡ ಕಟ್ಟುತ್ತಿತ್ತು. ಮೊನ್ನೆಯಂತೆ ಹನಿದು ನಿಲ್ಲದೆ ಇಂದು ಜೋರು ಮಳೆ ಬಂದರೆ ಆ ಗೆರೆಯೂ ಹೆಜ್ಜೆಯೂ ಕೊಚ್ಚಿ ಹೋಗುತ್ತವೆ ಎಂಬ ಚಿಂತೆ ನನಗೆ ಆಗಲೇ ಹತ್ತಿತು.

"ಅದು ಯಾರ ದನಿ ಅಂತ ಗುರುತ ಹತ್ತಲಿಲ್ಲೇನು ನಿಮಗ?"

"ಗಾಳಿ ಇತ್ತಲ್ರೀ. ಮತ್ತ ನಾ ಅಷ್ಟ ಲಕ್ಷ್ಯ ಕೊಡಲಿಲ್ಲ. ವರ್ಷಾ ಕೂಗತೀನಿ, ವರ್ಷಾ ಓ ಅಂತಾರ. ಹೊಸಾದೇನಿತ್ತು ಅದರಾಗ?"

ಮೇಡಂ ಎದ್ದರು. ಆಕೆಯ ತೋಳು ಹಿಡಿದು ಎಬ್ಬಿಸಿದರು, ಒರಟಾಗಿ ಅಲ್ಲ, ತಾಯಿಯನ್ನು ಎಬ್ಬಿಸುವ ಹಾಗೆ. ತಗಡಿನ ಹತ್ತಿರ ಕರೆತಂದು, ನನ್ನ ಕಡೆ ನೋಡಿದರು. ನಾನು ತಗಡನ್ನು ಮೇಲೆತ್ತಿ ಹಿಡಿದೆ. ಸಕ್ರಪ್ಪ ಕಾಣಿಸಲಿಲ್ಲ. ನಿಚ್ಚಣಿಕೆ ಬಿಟ್ಟು ಕೋಣೆಯ ಯಾವುದೋ ಮೂಲೆಗೆ ಹೋಗಿದ್ದ. ಏನನ್ನೋ ಎಳೆದು ಸರಿಸುವ ಸದ್ದು ಮಾತ್ರ ಬರುತ್ತಿತ್ತು.

"ಅವತ್ತ ಹೆಂಗ ಕೂಗಿದ್ರಿ, ಹಂಗ ಕೂಗ್ರಿ," ಎಂದು ಮೇಡಂ ಕಿವಿಯಲ್ಲಿ ಹೇಳಿದರು.

ಹುಚ್ಚವ್ವ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಯಾಕೋ, ಬಹುಶಃ ಠಾಣೆಯ ಕಟ್ಟೆಯ ಮೇಲಿನ ಆ ತಾಯಿ ಕಣ್ಣ ಮುಂದೆ ಬಂದಳೇನೋ, ಸೆರಗು ಸರಿಮಾಡಿಕೊಂಡು ಬಗ್ಗಿದಳು. ದಿನನಿತ್ಯದ ದನಿಯಲ್ಲಿ, ಎಂದಿನಂತೆ ರಾಗವೆಳೆದು ಕೂಗಿದಳು.

"ಬೆಳಕಿಂಡಿ ಮುಚ್ಚತೇನೋ..."

"ಹೂಂ, ಮುಚ್ಚ!"

ಕೆಳಗಿನಿಂದ ಉತ್ತರ ಬಂದುಬಿಟ್ಟಿತು. ಯೋಚಿಸಿ ಕೊಟ್ಟ ಉತ್ತರವಲ್ಲ. ಕೈಕೆಲಸದಲ್ಲಿ ಮುಳುಗಿದವನು ಹೆಂಡತಿಯ ಕೂಗಿಗೆ ವರ್ಷಾನುಗಟ್ಟಲೆ ಕೊಟ್ಟುಕೊಂಡು ಬಂದ ಓಗೊಡುವಿಕೆ. ಮರುಗಳಿಗೆ ಒಳಗಿನ ಸದ್ದು ನಿಂತಿತು. ಏನು ಮಾಡಿದೆನೆಂದು ಅವನಿಗೂ ಅರಿವಾಗಿರಬೇಕು. ಲಕ್ಷ್ಮೇಶ್ವರದಲ್ಲಿದ್ದೆ ಎಂದವನು ಹಾಗಾದರೆ ಅವತ್ತು ಮಳೆಯ ಹೊತ್ತಿಗೆ ಇದೇ ಕೋಣೆಯಲ್ಲಿದ್ದ, ಎರಡನೆಯ ದಾರಿ ಮುಚ್ಚಿದ್ದು ಅವನಿಗೆ ಗೊತ್ತಿತ್ತು.

ಮೇಡಂ ನನ್ನ ಕೈಯಲ್ಲಿದ್ದ ತಗಡನ್ನು ಮೆಲ್ಲಗೆ ಕೆಳಗಿಳಿಸಿದರು.

ಹುಚ್ಚವ್ವ ಬಗ್ಗಿದವಳು ನೆಟ್ಟಗಾಗಲಿಲ್ಲ. ತನ್ನನ್ನು ಉಳಿಸಲು ಗಂಡ ಸುಳ್ಳು ಹೇಳಿದ ಎಂದು ನಿನ್ನೆಯಿಂದ ನಂಬಿಕೊಂಡು ಅತ್ತವಳು ಈಗ ಅಳಲಿಲ್ಲ. ಅಳುವುದಕ್ಕಿಂತ ಅದನ್ನು ನೋಡುವುದೇ ನನಗೆ ಕಷ್ಟವಾಯಿತು.

"ಅವತ್ತೂ ಇದ ದನೀನ?" ಮೇಡಂ ಕೇಳಿದರು.

ಆಕೆ ತಲೆಯಾಡಿಸಿದಳು. ಹೌದು.

"ಬಾಯಿಲೆ ಹೇಳಬೇಕು ಯವ್ವಾ. ಇಲ್ಲಂದ್ರ ಬರಕೊಳ್ಳಾಕ ಬರಂಗಿಲ್ಲ, ಶಫೀಕನ್ನ ಬಿಡಾಕೂ ಬರಂಗಿಲ್ಲ. ಮಳಿ ಹೊತ್ತಿನ್ಯಾಗ ಈ ಕೋಣ್ಯಾಗ ಯಾರಿದ್ರು? ಹೆಸರ ಹೇಳ್ರಿ."

ಹುಚ್ಚವ್ವ ಸೆರಗನ್ನು ತಲೆಯ ಮೇಲೆ ಹಣೆಯವರೆಗೆ ಎಳೆದುಕೊಂಡಳು. ಗೋಡೆಯಾಚೆಗಿನ ಮಾಳಿಗೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಜನ್ನತಬೀನ್ನ ಕರೀರಿ ಬಾಯಾರ," ಎಂದಳು. "ಆ ಹೆಸರ ನಾ ಹೆಂಗ ಹೇಳಲಿ?"